ಉರಿ ನಿಂತ ಕಾಲು

ನಮ್ಮ ಬ್ಯಾಡಗಿಯಲ್ಲಿ ಯಾರಾದರೂ ಉರಿಯುತ್ತದೆ ಎಂದರೆ ಎದುರಿಗಿದ್ದವರು ತಲೆಯೆತ್ತಿ ಕೂಡ ನೋಡುವುದಿಲ್ಲ. ಇಲ್ಲಿ ಎಲ್ಲರಿಗೂ ಏನಾದರೊಂದು ಉರಿಯುತ್ತಲೇ ಇರುತ್ತದೆ. ಮೆಣಸಿನಕಾಯಿ ಮುಟ್ಟಿದ ಕೈ ಉರಿಯುತ್ತದೆ, ಆ ಕೈಯಿಂದ ಒರೆಸಿಕೊಂಡ ಕಣ್ಣು ಉರಿಯುತ್ತದೆ, ಘಾಟಿಗೆ ಗಂಟಲು ಉರಿಯುತ್ತದೆ. ಹೀಗಾಗಿ ಕೆಲವು ವರ್ಷಗಳ ಹಿಂದೆ ನನ್ನ ಅಂಗಾಲು ಉರಿಯತೊಡಗಿದಾಗ ಅದನ್ನೂ ಕಾಯಿಯ ತಲೆಗೇ ಕಟ್ಟಿದೆ. ಹೆಂಡತಿ ಕೇಳಿದರೆ, "ರಾಶಿಯೊಳಗ ನಿಂತಿದ್ದೆ, ಅದಕ್ಕ" ಎನ್ನುತ್ತಿದ್ದೆ. ಅವಳು ಕೊಬ್ಬರಿ ಎಣ್ಣೆಯ ಬಟ್ಟಲು ಮುಂದಿಡುತ್ತಿದ್ದಳು. ಹಚ್ಚಿಕೊಂಡು ಸುಮ್ಮನಾಗುತ್ತಿದ್ದೆ.

ನನ್ನದು ದಲಾಲಿ ಅಂಗಡಿ, ಅಪ್ಪನಿಂದ ಬಂದದ್ದು. ರೈತರು ತಂದ ಕಾಯಿಯನ್ನು ಅಂಗಡಿಯ ಕಟ್ಟೆಯ ಮೇಲೆ ರಾಶಿ ಹಾಕಿಸಿ, ಟೆಂಡರಿಗೆ ಹಚ್ಚಿ, ತೂಗಿಸಿ, ಚೀಲ ಹೊಲಿಸಿ ಕಳಿಸುವ ಕೆಲಸ. ಅಪ್ಪ ಒಂದು ಕಟ್ಟುನಿಟ್ಟು ಮಾಡಿಟ್ಟಿದ್ದ. ಕಾಯಿ ಎಂದರೆ ಲಕ್ಷ್ಮಿ, ನಮ್ಮ ಕಟ್ಟೆಯ ಮೇಲೆ ಯಾರೂ ಚಪ್ಪಲಿ ಹಾಕಿಕೊಂಡು ಹತ್ತಕೂಡದು. ಅಕ್ಕಪಕ್ಕದ ಅಂಗಡಿಗಳಲ್ಲಿ ಈಗ ಬೂಟು ಹಾಕಿಕೊಂಡೇ ರಾಶಿ ತುಳಿಯುತ್ತಾರೆ. ನಮ್ಮಲ್ಲಿ ಮಾತ್ರ ಹಮಾಲರಿಂದ ಹಿಡಿದು ದೊಡ್ಡ ಖರೀದಿದಾರರವರೆಗೆ ಎಲ್ಲರೂ ಬರಿಗಾಲು. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಅದೇ ಅಪ್ಪನ ಕಾಲಿನ ಸುದ್ದಿ ಹೇಳದೆ ನನ್ನ ಹೆದರಿಕೆ ಯಾರಿಗೂ ಅರ್ಥವಾಗುವುದಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಮೊದಲು ಬಲಗಾಲಿನ ಕಿರುಬೆರಳು ಕಪ್ಪಾಯಿತು, ತೆಗೆದರು. ವರ್ಷದೊಳಗೆ ಅರ್ಧ ಪಾದ ಹೋಯಿತು. ಆಮೇಲೆ ಮೊಣಕಾಲಿನ ಕೆಳಗೆ. ಒಂದೇ ಕಾಲನ್ನು ಮೂರು ಸಲ ಕತ್ತರಿಸಿದರು. ಮೂರು ಸಲವೂ ಆಸ್ಪತ್ರೆಯ ವರಾಂಡದಲ್ಲಿ ಕುಳಿತವನು ನಾನೇ. ಆಮೇಲೆ ಅಪ್ಪ ಗಾದಿಯ ಮೇಲೆ ಕುಳಿತು ಧೋತರವನ್ನು ಮೊಂಡುಗಾಲಿನ ಮೇಲೆ ಹರಡಿಕೊಳ್ಳುತ್ತಿದ್ದ, ಹೊಸ ರೈತರಿಗೆ ಕಾಣಬಾರದೆಂದು. ಚಪ್ಪಲಿ ತಂದರೆ ಎಡಗಾಲಿನದು ಸವೆಯುತ್ತಿತ್ತು, ಬಲಗಾಲಿನದು ಹೊಸದಾಗಿಯೇ ಉಳಿಯುತ್ತಿತ್ತು. ಅವ್ವ ಅವನ್ನು ಎಸೆಯಲಾರದೆ ಮಂಚದ ಕೆಳಗೆ ಇಟ್ಟುಕೊಂಡಿದ್ದಳು.

ಸಾಯುವ ಹೆದರಿಕೆ ನನಗೆ ಅಷ್ಟಾಗಿ ಇಲ್ಲ. ಕಾಲಿನ ಹೆದರಿಕೆ ಇದೆ. ನನಗೂ ಸಕ್ಕರೆ ಕಾಯಿಲೆ ಎಂದು ಹಾವೇರಿಯ ಡಾಕ್ಟರು ಹೇಳಿದ ದಿನ ನಾನು ಕುರ್ಚಿಯಲ್ಲಿ ಕುಳಿತು ಮೊದಲು ನೋಡಿಕೊಂಡದ್ದು ನನ್ನ ಬೆರಳುಗಳನ್ನು. ಹತ್ತೂ ಇದ್ದವು. ಎಣಿಸಿದ್ದು ನಿಜ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಆ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಮಾತು ಕಡಿಮೆ, ಇದ್ದಷ್ಟೂ ನೇರ. ಕಾಲಿನ ಉರಿ ಕಾಯಿಯದ್ದಲ್ಲ, ಸಕ್ಕರೆಯದ್ದು ಎಂದು ಅವರೇ ಬಿಡಿಸಿ ಹೇಳಿದರು. ಗುಳಿಗೆ ಬರೆದರು. ಬರಿಗಾಲಲ್ಲಿ ನಡೆಯಬೇಡಿ ಎಂದರು. ಆಮೇಲೆ ಕೇಳಿದರು:

"ಬ್ಯಾರೆ ಏನರ ಔಷಧ ತಗೊಳ್ಳಾಕತ್ತೀರೇನ್ರಿ? ಗಾಂವಠಿ ಔಷಧ, ಕಷಾಯ, ಪುಡಿ, ಏನರ?"

"ಇಲ್ರಿ ಮೇಡಂ" ಎಂದೆ.

ಆ ಹೊತ್ತಿಗಾಗಲೇ ಯಾರೋ ಹೇಳಿದರೆಂದು ಎರಡು ತಿಂಗಳಿಂದ ಹಾಗಲಕಾಯಿ ರಸ ಕುಡಿಯುತ್ತಿದ್ದೆ. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದರೆ ನನ್ನ ಕಸುಬಿನ ಕಡೆ ಕೈ ತೋರಿಸಬೇಕಾಗುತ್ತದೆ. ಮೂವತ್ತು ವರ್ಷ ನಾನು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಬದುಕಿದವನು. ರೈತನ ಮುಂದೆ 'ನಿನ್ನಂಥ ಕಾಯಿ ಇವತ್ತು ಪ್ಯಾಟ್ಯಾಗ ಇಲ್ಲ' ಎನ್ನುವುದು, ಖರೀದಿದಾರನ ಮುಂದೆ 'ಸ್ವಲ್ಪ ಹಸಿ ಐತಿ, ನೀವು ನೋಡಿ ಹಾಕ್ರಿ' ಎನ್ನುವುದು. ಇಬ್ಬರೂ ಎದುರಾಬದುರು ಕುಳಿತು ಮಾತಾಡದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಆ ಚಾಳಿ ನಾಲಗೆಗೆ ಅಂಟಿಬಿಟ್ಟಿತ್ತು. ಯಾರು ಏನು ಕೇಳಬಯಸುತ್ತಾರೋ ಅದನ್ನು ಹೇಳಿ ಮುಂದೆ ಹೋಗುವುದು.

ರಾಣೆಬೆನ್ನೂರಿನಲ್ಲಿ ನನ್ನ ಅಕ್ಕ ಇದ್ದಾಳೆ. ಅವಳಿಗೂ ಇದೇ ಕಾಯಿಲೆ, ಹತ್ತು ವರ್ಷದಿಂದ. ಆದರೆ ಕಾಲೂ ಕಣ್ಣೂ ನೆಟ್ಟಗಿವೆ. ಡಾಕ್ಟರ ಗುಳಿಗೆಯ ಜೊತೆಗೆ ಆಯುರ್ವೇದವನ್ನೂ ತೆಗೆದುಕೊಳ್ಳುತ್ತಾಳೆ. ಒಂದು ಭಾನುವಾರ ಅವಳು ನನ್ನನ್ನು ತನ್ನ ವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಕಾಲೇಜಿನಲ್ಲಿ ಓದಿ ಡಿಗ್ರಿ ಪಡೆದ, ತಲೆ ಬೆಳ್ಳಗಾದ ವೈದ್ಯರು. ನಾಡಿ ಹಿಡಿದರು, ನಾಲಗೆ ನೋಡಿದರು, ಡಾಕ್ಟರ ಚೀಟಿಯನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡು ಓದಿದರು. ಮಧುನಾಶಿನಿ, ಅಮೃತಬಳ್ಳಿ, ನೇರಳೆ ಬೀಜ ಸೇರಿಸಿದ ಒಂದು ಚೂರ್ಣ ಕೊಟ್ಟರು, ಕುದಿಸಿ ಕುಡಿಯಲು ಒಂದು ಕಷಾಯದ ಪುಡಿ ಕೊಟ್ಟರು.

"ಇಂಗ್ಲಿಷ್ ಗುಳಿಗಿ ಒಂದು ದಿನಾನೂ ಬಿಡಬ್ಯಾಡ್ರಿ" ಎಂದರು. "ಮತ್ತ ನನ್ನ ಔಷಧ ತಗೊಳ್ಳೋದು ನಿಮ್ಮ ಡಾಕ್ಟರಿಗೆ ಗೊತ್ತಿರಬೇಕು. ಎರಡೂ ಕೂಡಿ ಸಕ್ರಿ ಒಮ್ಮೆಲೇ ಇಳದ್ರ ಅದೂ ಅಪಾಯ. ಅವರಿಗೆ ಹೇಳ್ತೀರಿಲ್ಲೋ?"

"ಹೇಳ್ತೇನ್ರಿ."

ಹೊರಗೆ ಬಂದ ಮೇಲೆ ಅಕ್ಕ ನನ್ನ ಮುಖ ನೋಡಿದಳು. "ತಮ್ಮಾ, ಖರೇ ಹೇಳ್ತೀಯಿಲ್ಲೋ? ನಾ ಎಲ್ಲಾ ಔಷಧ ಬರದಿಟ್ಟ ಒಂದ ವಹಿ ಇಬ್ಬರಿಗೂ ತೋರಸ್ತೇನಿ. ನೀನೂ ಹಂಗ ಮಾಡು" ಎಂದಳು. ಆಯಿತು ಎಂದೆ. ಮಾಡಲಿಲ್ಲ. ಮುಂದಿನ ತಿಂಗಳು ವೈದ್ಯರು ಕೇಳಿದಾಗ, "ಹೇಳೇನ್ರಿ, ಅವರು ಆಗ್ಲಿ ಅಂದಾರ" ಎಂದೆ. ಹಾವೇರಿಯ ಡಾಕ್ಟರಿಗೆ ರಾಣೆಬೆನ್ನೂರಿನ ವೈದ್ಯರು ಇದ್ದಾರೆಂಬುದೇ ಗೊತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ಕಷಾಯವನ್ನು ವ್ರತದಂತೆ ಹಿಡಿದಳು. ಬೆಳಿಗ್ಗೆ ಎದ್ದೊಡನೆ ತಾಮ್ರದ ತಂಬಿಗೆ, ಅಳತೆಯ ನೀರು, ಅದು ಕಾಲುಭಾಗಕ್ಕೆ ಇಳಿಯುವ ತನಕ ಒಲೆಯ ಮುಂದೆ ನಿಲ್ಲುವುದು. ನನ್ನ ಮುಖ ಸೊಟ್ಟಗಾಗುವುದನ್ನು ನೋಡಲೆಂದೇ ಎದುರಿಗೆ ನಿಲ್ಲುತ್ತಿದ್ದಳು.

"ಹೊಟ್ಟಿ ಒಳಗ ಒಂದ ಔಷಧದ ಅಂಗಡಿ ತೆಗದೀರಿ ನೋಡ್ರಿ" ಎಂದು ನಗುತ್ತಿದ್ದಳು. "ಅದರಾಗರ ದಲಾಲಿ ಬಿಡ್ರಿ."

ಎರಡು ಔಷಧಿಗಳೂ ಸೇರಿ ಕೆಲಸ ಮಾಡತೊಡಗಿದ್ದವು. ಅದು ನನಗೆ ತಿಳಿದದ್ದು ಒಂದು ಗುರುವಾರ, ಟೆಂಡರಿನ ಗದ್ದಲದ ನಡುವೆ. ಕೈ ನಡುಗಿತು, ಮೈಯೆಲ್ಲ ಬೆವರಿತು, ಎದುರಿಗಿದ್ದ ರಾಶಿ ಕಪ್ಪಾಗಿ ಕಂಡಿತು. ಹಿರಿಯ ಹಮಾಲ ನನ್ನನ್ನು ಹಿಡಿದು ಕೂರಿಸಿ, ತನ್ನ ಬುತ್ತಿಯ ಗಂಟಿನಿಂದ ಬೆಲ್ಲದ ಚೂರು ತೆಗೆದು ಬಾಯಿಗಿಟ್ಟ. ಹತ್ತು ನಿಮಿಷದಲ್ಲಿ ಸರಿಯಾದೆ. ವೈದ್ಯರು ಹೇಳಿದ ಅಪಾಯ ಇದೇ ಎಂದು ಗೊತ್ತಾಯಿತು. ಅವತ್ತೇ ಹಾವೇರಿಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಬೇಕಾಗಿತ್ತು. ಹೇಳಿದರೆ ಮೊದಲಿನ ಸುಳ್ಳು ಹೊರಬೀಳುತ್ತಿತ್ತು. ಹಾಗಾಗಿ ನನ್ನ ತೀರ್ಮಾನ ನಾನೇ ಮಾಡಿದೆ. ಚೂರ್ಣ ಗಿಡಮೂಲಿಕೆಯದ್ದು, ಅದರಿಂದ ಕೇಡಿಲ್ಲ. ಗುಳಿಗೆಯನ್ನು ಅರ್ಧ ಮಾಡೋಣ. ಗುಳಿಗೆ ಮುರಿಯಲು ಅಡಕತ್ತರಿ ಬಳಸಿದೆ. ಸ್ವಲ್ಪ ದಿನಕ್ಕೆ ಅರ್ಧವೂ ದಿನ ಬಿಟ್ಟು ದಿನವಾಯಿತು. ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟೆ.

ಆಗ ಉರಿ ನಿಂತಿತು.

ಒಂದೇ ದಿನದಲ್ಲಿ ನಿಂತದ್ದಲ್ಲ. ಆದರೆ ನಿಂತಿದೆ ಎಂದು ನನಗೆ ಹೊಳೆದದ್ದು ಒಂದು ದಿನ, ಸುಡುಬಿಸಿಲಿನಲ್ಲಿ, ಕಟ್ಟೆಯ ಕಲ್ಲಿನ ಮೇಲೆ. ಹಮಾಲರು ಆ ಕಲ್ಲಿನ ಮೇಲೆ ನಿಲ್ಲಲಾರದೆ ಗೋಣಿಚೀಲ ಹಾಸಿಕೊಳ್ಳುತ್ತಿದ್ದರು. ನಾನು ಬರಿಗಾಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದೆ. ಬಿಸಿ ಇಲ್ಲ, ಉರಿ ಇಲ್ಲ. ಎಷ್ಟು ಸಂತೋಷವಾಯಿತೆಂದರೆ ಮನೆಗೆ ಬಂದು ಹೆಂಡತಿಯ ಮುಂದೆ ಕಾಲು ಚಾಚಿ, "ನೋಡು, ಅಪ್ಪನ ಹಣೆಬರಾ ನನಗಿಲ್ಲ" ಎಂದೆ. ಅವಳು ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಸಿಕ್ಕಸಿಕ್ಕವರಿಗೆಲ್ಲ ಚೂರ್ಣದ ಗುಣಗಾನ ಮಾಡಿದೆ. ಅಂಗಡಿಗೆ ಬಂದ ರೈತರಿಗೂ ಬಿಡಲಿಲ್ಲ.

ವೈದ್ಯರ ಹತ್ತಿರ ಹಣ್ಣಿನ ಬುಟ್ಟಿ ತೆಗೆದುಕೊಂಡು ಹೋದೆ. ಅವರು ಬುಟ್ಟಿಯನ್ನು ಪಕ್ಕಕ್ಕಿಟ್ಟರು. ಮುಖದಲ್ಲಿ ನಗು ಇರಲಿಲ್ಲ.

"ಉರಿ ನಿಂತೈತಿ ಅಂದ್ರ ಹೆಂಗ ನಿಂತೈತ್ರಿ? ಕಾಲು ಹಗುರ ಆಗೈತೋ, ಇಲ್ಲಾ ಕಾಲು ಇದ್ದದ್ದ ಗೊತ್ತಾಗವಲ್ದೋ?"

"ಹಗುರ ಆಗೈತ್ರಿ."

"ಒಮ್ಮೆ ಪರಸಿ ಮ್ಯಾಲ ಕಾಲಿಡ್ರಿ. ತಂಪು ಹತ್ತತೈತೇನು?"

ನೆಲದ ಹಾಸುಗಲ್ಲಿನ ಮೇಲೆ ಕಾಲಿಟ್ಟೆ. ಏನೂ ಹತ್ತಲಿಲ್ಲ. "ಹತ್ತತೈತ್ರಿ" ಎಂದೆ. ಅವರು ಏನು ಕೇಳುತ್ತಿದ್ದಾರೆಂದು ಆಗ ಅರ್ಥವಾಯಿತು. ಆದರೆ ದೀಪ ಹಚ್ಚಿದ ಮನೆಗೆ ವಾಪಸು ಹೋಗಿ, ಅದು ಹಾಗಲ್ಲ, ಹೀಗೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಮುಂದಿನ ವಾರ ಅಂಗಡಿಯಿಂದ ಮನೆಗೆ ಒಂದೇ ಚಪ್ಪಲಿಯಲ್ಲಿ ನಡೆದು ಬಂದೆ. ಇನ್ನೊಂದು ದಾರಿಯಲ್ಲಿ ಎಲ್ಲಿ ಕಳಚಿತೋ ಗೊತ್ತಾಗಿರಲಿಲ್ಲ. ಹೆಂಡತಿ ನಕ್ಕಳು. ನಾನೂ ನಕ್ಕೆ, ಆದರೆ ಅವತ್ತು ಊಟ ಸೇರಲಿಲ್ಲ.

ಮಳೆಗಾಲಕ್ಕೆ ಮುಂಚಿನ ಕಡೆಯ ದೊಡ್ಡ ಸಂತೆಯ ದಿನ ಅದು ನಡೆಯಿತು. ಬೆಳಿಗ್ಗೆಯಿಂದ ಚೀಲ ಹೊಲಿಯುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಬಂದಿದ್ದೆ. ಹೊರಡುವಾಗ ಹೆಂಡತಿ ಹಿಂದಿನಿಂದ ಗೊಣಗಿದ್ದು ಕೇಳಿತ್ತು: "ಕಾಲು ತೊಳಕೊಂಡು ಬರ್ರಿ ಅಂದ್ರ ಕೇಳೂದಿಲ್ಲ, ಮನಿ ತುಂಬಾ ಕಾಯಿ ಪುಡಿ ಕೆಂಪಗ ತುಳದೀರಿ." ಅವಳು ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಿದ್ದಳು. ನಾನು ತಿರುಗಿಯೂ ನೋಡಲಿಲ್ಲ.

ಸಂಜೆ ಕಟ್ಟೆಯ ಮೇಲೆ ಓಡಾಡುತ್ತಿದ್ದಾಗ ಆ ಹಿರಿಯ ಹಮಾಲ ಕರೆದ.

"ಸಾವ್ಕಾರ್ರ, ಕಾಲಿಗೆ ಸುತಳಿ ಹತ್ತೈತ್ರಿ. ನಿಂದರ್ರಿ, ತಗೀತೇನಿ."

ನಿಂತೆ. ಅವನು ಬಗ್ಗಿ, ಹಿಮ್ಮಡಿಯಿಂದ ಜೋತಾಡುತ್ತಿದ್ದ ಬೆರಳುದ್ದದ ಸೆಣಬಿನ ಸುತಳಿಯನ್ನು ಹಿಡಿದು ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ನನ್ನ ಕಾಲು ಎಳೆದ ಕಡೆಗೆ ಸ್ವಲ್ಪ ಸರಿಯಿತು. ಅವನು ನನ್ನ ಕಾಲನ್ನು ಎತ್ತಿ ತನ್ನ ಮೊಣಕಾಲಿನ ಮೇಲಿಟ್ಟುಕೊಂಡು ನೋಡಿದ.  ಚೀಲ ಹೊಲಿಯುವ ದಬ್ಬಣದ ಮುರಿದ ತುಂಡು, ಸುತಳಿ ಪೋಣಿಸಿದ ಹಿಂಭಾಗ, ಹಿಮ್ಮಡಿಯ ಅಂಚಿನಲ್ಲಿ ಓರೆಯಾಗಿ ಒಳಗೆ ಹೋಗಿ ಕುಳಿತಿತ್ತು. ದಬ್ಬಣ ಮುರಿದದ್ದು ಬೆಳಿಗ್ಗೆ. ಅಷ್ಟು ಹೊತ್ತೂ ನಾನು ಅದರ ಮೇಲೆ ನಡೆದಿದ್ದೆ, ಮನೆಗೆ ಹೋಗಿ ಊಟ ಮಾಡಿ ಬಂದಿದ್ದೆ. ಗಾಯದೊಳಗೆಲ್ಲ ಕಾಯಿಯ ಪುಡಿ ಮೆತ್ತಿತ್ತು.

ಇದು ಏನೆಂದು ಬ್ಯಾಡಗಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಗುರಿನ ಸಂದಿಯಲ್ಲಿ ಸಣ್ಣ ಗೀರು ಇದ್ದು ಅದಕ್ಕೆ ಕಾಯಿಯ ಪುಡಿ ತಾಗಿದರೆ ಗಟ್ಟಿ ಗಂಡಸು ಕುಣಿದಾಡಿಬಿಡುತ್ತಾನೆ. ಹಮಾಲ ಆ ತುಂಡನ್ನು ಎಳೆದು ತೆಗೆದ. ತೆಗೆಯುವಾಗ ಅವನೇ ಹಲ್ಲು ಕಚ್ಚಿದ್ದ. ನಾನು ಕಟ್ಟೆಗೆ ಒರಗಿ ನೋಡುತ್ತಿದ್ದೆ, ಬೇರೆ ಯಾರದೋ ಕಾಲನ್ನು ನೋಡಿದ ಹಾಗೆ.

"ಉರಿ ಹತ್ತಲಿಲ್ಲೇನ್ರಿ ಸಾವ್ಕಾರ್ರ?" ಎಂದು ಅವನು ಮೆಲ್ಲಗೆ ಕೇಳಿದ. ಅವನ ಕಣ್ಣಲ್ಲಿ ಹೆದರಿಕೆ ಇತ್ತು. ಅವನು ಅಪ್ಪನನ್ನು ಮೂರು ವರ್ಷ ಗಾದಿಗೆ ಎತ್ತಿ ಕೂರಿಸಿದವನು.

"ಯಾರ ಮುಂದೂ ಹೇಳಬ್ಯಾಡ" ಎಂದೆ.

ಆಮೇಲಿನ ಎಂಟು ದಿನದಷ್ಟು ಹೆದರಿದ್ದು ನನ್ನ ಬದುಕಿನಲ್ಲಿ ಇಲ್ಲ. ಹೆದರಿದವನು ಬೇಗ ಡಾಕ್ಟರ ಹತ್ತಿರ ಓಡುತ್ತಾನೆ ಎಂದು ಜನ ತಿಳಿದಿದ್ದಾರೆ. ಸುಳ್ಳು. ಹೆದರಿದವನು ಅಡಗಿಕೊಳ್ಳುತ್ತಾನೆ. ಡಾಕ್ಟರು ಎಂದರೆ ನನಗೆ ವರಾಂಡ, ವರಾಂಡ ಎಂದರೆ ಗರಗಸ. ಅಪ್ಪನ ಬೆರಳು ತೋರಿಸಲು ಹೋದವರು ಕಾಲು ಕೊಟ್ಟು ಬಂದೆವು ಎಂದೇ ನನ್ನ ತಲೆಯಲ್ಲಿ ಕೂತಿತ್ತು. ಬಚ್ಚಲಿನ ಬಾಗಿಲು ಹಾಕಿಕೊಂಡು ಗಾಯ ತೊಳೆದೆ, ಅರಿಶಿಣ ತುಂಬಿದೆ, ಪಟ್ಟಿ ಕಟ್ಟಿದೆ. ಹೆಂಡತಿಗೆ ಹಿಮ್ಮಡಿ ಒಡೆದಿದೆ ಎಂದೆ. ಚೂರ್ಣವನ್ನು ಒಂದು ಚಮಚದ ಬದಲು ಮೂರು ಚಮಚ ನುಂಗಿದೆ. ಅದು ಗಾಯಕ್ಕೆ ಕೊಟ್ಟ ಔಷಧವಲ್ಲ ಎಂದು ಗೊತ್ತಿದ್ದೂ ನುಂಗಿದೆ. ಡಾಕ್ಟರ ಹಳೆಯ ಗುಳಿಗೆಗಳನ್ನು ಹುಡುಕಿ ಎರಡೆರಡು ತೆಗೆದುಕೊಂಡೆ.

ನಾಲ್ಕನೆಯ ದಿನ ಹಿಮ್ಮಡಿ ಊದಿತು. ಚರ್ಮ ಹೊಳೆಯತೊಡಗಿತು. ಆರನೆಯ ದಿನ ಪಟ್ಟಿ ಬಿಚ್ಚಿದಾಗ ವಾಸನೆ ಬಂತು. ಆ ವಾಸನೆ ನನಗೆ ಗೊತ್ತಿತ್ತು. ಅಪ್ಪನ ಕೋಣೆಯದ್ದು. ಮನೆಯಲ್ಲಿ ಬೇರೆ ಯಾರಿಗೂ ಅದು ತಿಳಿಯಲಿಲ್ಲ, ಯಾಕೆಂದರೆ ನಮ್ಮ ಬಟ್ಟೆ, ಹಾಸಿಗೆ, ತಲೆಗೂದಲು ಎಲ್ಲಕ್ಕೂ ಕಾಯಿಯ ಘಾಟು ಹತ್ತಿರುತ್ತದೆ. ಅದರ ಕೆಳಗೆ ನನ್ನ ಕಾಲು ಕೊಳೆಯುತ್ತಿತ್ತು. ನೋವು ಮಾತ್ರ ಇರಲಿಲ್ಲ. ನೋವಾಗಲಿ ಎಂದು ನಾನು ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ದೇವರಲ್ಲಿ ಬೇರೆ ಏನೂ ಕೇಳಲಿಲ್ಲ ಆ ದಿನಗಳಲ್ಲಿ. ಒಂದಿಷ್ಟು ಉರಿ ಕೊಡು ಎಂದು ಕೇಳಿದೆ.

ಒಂಬತ್ತನೆಯ ದಿನ ಚಳಿಜ್ವರ ಬಂತು. ಅಂಗಡಿಗೆ ಹೋಗುತ್ತೇನೆಂದು ಹೇಳಿ ರಾಣೆಬೆನ್ನೂರಿನ ದಾರಿ ಹಿಡಿದೆ. ಹಾವೇರಿಗಲ್ಲ. ವೈದ್ಯರು ಕೊಯ್ಯುವುದಿಲ್ಲ ಎಂಬುದೊಂದೇ ಕಾರಣ. ಬಸ್ಸಿನಲ್ಲಿ ಕಾಲನ್ನು ಚೀಲದ ಹಿಂದೆ ಅಡಗಿಸಿಕೊಂಡು ಕುಳಿತಿದ್ದೆ.

ವೈದ್ಯರು ಪಟ್ಟಿ ಬಿಚ್ಚಿದರು. ಒಂದು ಮಾತೂ ಬಯ್ಯಲಿಲ್ಲ. ನನಗೆ ಕಣ್ಣು ಮುಚ್ಚಲು ಹೇಳಿದರು. ಸ್ವಲ್ಪ ಹೊತ್ತಾಯಿತು.

"ಚಾಲೂ ಮಾಡ್ರಿ ವೈದ್ಯರ" ಎಂದೆ.

"ಮುಗೀತ್ರಿ. ಹತ್ತಿ ಉಂಡಿಯಿಂದ ಎರಡೂ ಅಂಗಾಲ ತುಂಬಾ ಒತ್ತೇನಿ."

ಕೈ ತೊಳೆದುಕೊಂಡು ಬಂದು ಅವರು ನನ್ನ ಎದುರಿಗೆ ಕುಳಿತರು. "ಇದು ನನ್ನ ಕೈಯಾಗ ಇಲ್ಲ. ಇವತ್ತ, ಈಗ, ಹಾವೇರಿಗೆ ಹೋಗಬೇಕು. ನಿಮ್ಮ ಡಾಕ್ಟರ ನಂಬರ್ ಕೊಡ್ರಿ" ಎಂದರು.

ಕೊಡದೆ ದಾರಿ ಇರಲಿಲ್ಲ. ಅವರು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ ಮಾತಾಡಿದರು. ತಾವು ಯಾರು, ಏನೇನು ಕೊಟ್ಟಿದ್ದೇವೆ, ಎಷ್ಟು ತಿಂಗಳಿಂದ ಎಂದೆಲ್ಲ ಹೇಳಿದರು. ಆ ಕಡೆಯಿಂದ ಡಾಕ್ಟರ ಧ್ವನಿ ಬಂತು: "ಇವರು ಯಾವ ಔಷಧಾನೂ ಇಲ್ಲ ಅಂದಿದ್ರಲ್ರಿ." ವೈದ್ಯರು ನನ್ನ ಕಡೆ ನೋಡಿದರು. "ನನಗ ನೀವು ಒಪ್ಪೀರಿ ಅಂತ ಹೇಳ್ಯಾರ. ನಿಮ್ಮ ಗುಳಿಗೀನೂ ಪೂರಾ ತಗೊಳ್ಳಾಕತ್ತೇನಿ ಅಂತಾರ" ಎಂದರು. "ನನ್ನ ಕಡೆ ಬಂದ ಅರ್ಧ ವರ್ಷ ಆತ್ರಿ" ಎಂದರು ಡಾಕ್ಟರು.  ನಾನು ನಡುವೆ ಕುಳಿತಿದ್ದೆ. ಇಬ್ಬರನ್ನೂ ಎದುರಾಬದುರು ಆಗದಂತೆ ಇಷ್ಟು ದಿನ ನೋಡಿಕೊಂಡಿದ್ದೆ, ಅವರು ಮಾತಾಡಿ ಮುಗಿಸಲು ಐದು ನಿಮಿಷ ಬೇಕಾಗಲಿಲ್ಲ. ವೈದ್ಯರು ತಮ್ಮ ಔಷಧದ ಪಟ್ಟಿಯನ್ನು ಚೀಟಿಯಲ್ಲಿ ಬರೆದು ನನ್ನ ಜೇಬಿಗೆ ಹಾಕಿ, ಬಾಡಿಗೆ ಕಾರು ತರಿಸಿ, ಅಕ್ಕನಿಗೂ ತಾವೇ ಫೋನ್ ಮಾಡಿ ಕರೆಸಿ, ಅವಳನ್ನು ನನ್ನ ಜೊತೆಗೆ ಕಳಿಸಿದರು.

ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ನೋಡಿ, ಶಸ್ತ್ರಚಿಕಿತ್ಸೆಯವರನ್ನು ಕರೆಸಿದರು. ನಾನು ಒಂದೇ ಪ್ರಶ್ನೆ ಕೇಳಿದೆ.

"ಕಾಲು ಉಳೀತೈತೇನ್ರಿ?"

"ಈಗ ಹೇಳಾಕ ಬರೂದಿಲ್ರಿ" ಎಂದರು. ಅವರು ನನಗೆ ಬೇಕಾದದ್ದನ್ನು ಹೇಳುವವರಲ್ಲ. ಆಮೇಲೆ, ರಕ್ತದ ಪರೀಕ್ಷೆಯ ಕಾಗದ ಓದುತ್ತ, ತಾವೇ ಮಾತು ಮುಂದುವರಿಸಿದರು. "ಉರಿ ನಿಂತಾಗ ಬರಬೇಕಾಗಿತ್ತು ನೀವು. ಉರೀತಿತ್ತು ಅಂದ್ರ ನರ ಇನ್ನೂ ಜೀವ ಹಿಡದಿತ್ತು. ಔಷಧದಿಂದ ಕಡಿಮಿ ಆಗಿದ್ದಲ್ಲ ಅದು. ಪುಡಿ ತಗೊಂಡದ್ದಕ್ಕ ನಾ ಸಿಟ್ಟಾಗಿಲ್ಲ. ನಿಮ್ಮ ಅಕ್ಕಾರೂ ತಗೋತಾರ, ಅವರ ಕಾಲು ನೋಡೇನಿ ಈಗ, ಚಲೋ ಅದಾವು. ಹೇಳಲಿಲ್ಲಲ್ಲ, ಅದಕ್ಕ ಸಿಟ್ಟು."

ಅಕ್ಕನ ಫೋನ್ ಹೋದ ಮೇಲೆ ಓಡಿ ಬಂದ ನನ್ನ ಹೆಂಡತಿ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಎಲ್ಲ ಗೊತ್ತಾದದ್ದು ಆ ಬಾಗಿಲಲ್ಲಿ, ಬೇರೆಯವರ ಬಾಯಿಂದ. ಅವಳು ಅಳಲಿಲ್ಲ. ಹತ್ತಿರ ಬಂದು, "ಅವತ್ತ ಮಧ್ಯಾಹ್ನ ನೆಲದ ಮ್ಯಾಲಿಂದ ನಾ ಒರಸಿದ್ದು ಕಾಯಿ ಪುಡಿ ಅಲ್ಲ" ಎಂದಳು. ಪ್ರಶ್ನೆಯ ಹಾಗೆ ಕೇಳಲಿಲ್ಲ, ಹೇಳಿದಳು. 

ಕಾಲು ಉಳಿಯಿತು. ಹಿಮ್ಮಡಿಯ ಒಂದು ಭಾಗ ಕೊಯ್ದು ತೆಗೆದರು. ಎರಡು ಸಲ ಸ್ವಚ್ಛ ಮಾಡಿದರು. ಗಾಯ ತುಂಬಲು ನಾಲ್ಕು ತಿಂಗಳು ಬೇಕಾಯಿತು. ಇನ್ಸುಲಿನ್ ಶುರುವಾಯಿತು. ರಾಣೆಬೆನ್ನೂರಿನ ಚೂರ್ಣವೂ ಸ್ವಲ್ಪ ದಿನದ ಮೇಲೆ ಮತ್ತೆ ಬಂತು, ಅರ್ಧ ಚಮಚ, ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಗೊತ್ತು ಮಾಡಿದಷ್ಟು. ಎರಡರ ಹೆಸರನ್ನೂ ಬರೆದ ವಹಿ ಹೆಂಡತಿಯ ಹತ್ತಿರ ಇರುತ್ತದೆ. ನನ್ನ ಕೈಗೆ ಕೊಡುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಈಗ ನಾನು ಪಟ್ಟಿ ಕಟ್ಟಿದ ಮೆತ್ತನೆಯ ಬೂಟು ಹಾಕಿಕೊಂಡೇ ಹತ್ತುತ್ತೇನೆ. ಮೊದಲ ದಿನ ಹಮಾಲರೆಲ್ಲ ನೋಡುತ್ತ ನಿಂತರು. ಹಿರಿಯವನು ಬಂದು ಕೈ ಹಿಡಿದು ಹತ್ತಿಸಿದ. ಅವತ್ತೇ ಅವರಿಗೂ ಚಪ್ಪಲಿ ಹಾಕಿಕೊಳ್ಳಲು ಹೇಳಿದೆ. ಲಕ್ಷ್ಮಿಗೆ ಸಿಟ್ಟು ಬಂದರೆ ನನ್ನ ಮೇಲೆ ಬರಲಿ.

ಆದರೆ ಹೆದರಿಕೆ ಹೋಗಿಲ್ಲ. ಕಾಲಿಗೆ ಸ್ಪರ್ಶ ವಾಪಸು ಬಂದಿಲ್ಲ, ಎಷ್ಟು ಬರುತ್ತದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಡಾಕ್ಟರು ಹೆಂಡತಿಗೆ ಒಂದು ಕೆಲಸ ಕಲಿಸಿಕೊಟ್ಟಿದ್ದಾರೆ. ದಿನವೂ ಬೆಳಿಗ್ಗೆ ನನ್ನ ಅಂಗಾಲು ನೋಡುವುದು. ವಾರಕ್ಕೊಮ್ಮೆ, ನಾನು ಕಣ್ಣು ಮುಚ್ಚಿರುವಾಗ, ಬೆರಳ ತುದಿಗಳನ್ನು ಮೆಲ್ಲಗೆ ಮುಟ್ಟುವುದು. ಮುಟ್ಟಿದ್ದು ತಿಳಿದರೆ ನಾನು ಹೂಂ ಎನ್ನಬೇಕು. ಎಷ್ಟು ಹೂಂ ಬಂತು ಎಂದು ಅವಳು ವಹಿಯಲ್ಲಿ ಬರೆಯುತ್ತಾಳೆ.

ಮೊದಲ ವಾರಗಳಲ್ಲಿ ಒಂದೂ ಬರುತ್ತಿರಲಿಲ್ಲ. ಅವಳ ಉಸಿರು ಭಾರವಾಗುವುದು ನನಗೆ ಕೇಳಿಸುತ್ತಿತ್ತು. ಆಮೇಲೆ ನಾನು ಒಂದು ಉಪಾಯ ಕಂಡುಕೊಂಡೆ. ಅವಳು ಕೈ ಮುಂದೆ ಚಾಚಿದಾಗ ಬಳೆಗಳು ಸಣ್ಣಗೆ ಸದ್ದು ಮಾಡುತ್ತವೆ. ಸದ್ದಾದ ಕೂಡಲೇ ಹೂಂ ಎನ್ನತೊಡಗಿದೆ. ಎಲ್ಲದಕ್ಕೂ ಅಲ್ಲ, ಅನುಮಾನ ಬರಬಾರದೆಂದು ಮೊದಲ ವಾರ ಎರಡು, ಮುಂದಿನ ವಾರ ಮೂರು. ಅವಳ ಮುಖ ಅರಳಿತು. ಅಕ್ಕನಿಗೆ ಫೋನ್ ಮಾಡಿ ಹೇಳಿದಳು. ಆ ಸಂತೋಷವನ್ನು ಮುರಿಯಲು ನನಗೆ ಹೆದರಿಕೆ. ಇನ್ನೂ ನಿಜ ಹೇಳಬೇಕೆಂದರೆ, ಹೂಂ ಅನ್ನುತ್ತ ಅನ್ನುತ್ತ ನನಗೇ ಸ್ವಲ್ಪ ನಂಬಿಕೆ ಬರತೊಡಗಿತ್ತು.

ಹೋದ ಸೋಮವಾರ ಪಡಸಾಲೆಯಲ್ಲಿ ಕುಳಿತಿದ್ದೆವು. ಬಿಸಿಲು ಆಗತಾನೆ ಒಳಗೆ ಬಂದಿತ್ತು. ನನ್ನ ಕಾಲು ಅವಳ ತೊಡೆಯ ಮೇಲಿತ್ತು. ಕಣ್ಣು ಮುಚ್ಚಿದೆ. ಬಳೆ ಸದ್ದಾಯಿತು.

"ಹೂಂ" ಎಂದೆ.

 ಮತ್ತೆ ಬಳೆ ಸದ್ದಾಯಿತು.

"ಹೂಂ. ಇದು ಹೆಬ್ಬೆರಳು."

"ನಾ ಇನ್ನೂ ಮುಟ್ಟೇ ಇಲ್ರಿ" ಎಂದಳು. "ಕೂದ್ಲು ಹಿಂದ ಸರಸಿದೆ, ಅಷ್ಟ."

ಕಣ್ಣು ತೆರೆಯಲು ನನಗೆ ಧೈರ್ಯವಾಗಲಿಲ್ಲ. ಅವಳು ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ಗಾಜಿನ ಬಳೆಗಳು ಒಂದೊಂದಾಗಿ ಕೈಯಿಂದ ಕಳಚಿ ನೆಲದ ಮೇಲೆ ಕೂರುವ ಸದ್ದು ಕೇಳಿತು. ಮದುವೆಯಾದಾಗಿನಿಂದ ಅವಳ ಬರಿಗೈ ನಾನು ನೋಡಿದವನಲ್ಲ.

"ಬ್ಯಾಡ" ಎಂದೆ. "ಬಳಿ ತಗೀಬ್ಯಾಡ. ನಾ ಇನ್ನ ಮ್ಯಾಲ ಖರೇ ಹೇಳ್ತೇನಿ."

"ಹೇಳ್ರಿ ಮತ್ತ" ಎಂದಳು.  "ಈಗ ಮುಟ್ಟೇನೋ ಇಲ್ಲೋ?"

ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎಲ್ಲ ಗಮನವನ್ನೂ ಕಾಲಿಗೆ ಕಳಿಸಿ ಹುಡುಕಿದೆ.

"ಗೊತ್ತಿಲ್ಲ" ಎಂದೆ.